ಸಿಕ್ಲಿಡ್ ಹೊಟ್ಟೆ ಕೆಟ್ರೆ ಉಪವಾಸನಾ, ಎಪ್ಸಮ್ ಸಾಲ್ಟಾ, ಮೆಟ್ರೋನಿಡಜೋಲಾ, ಹುಳದ ಮಾತ್ರೇನಾ?

ಸಿಕ್ಲಿಡ್ ಅಂದ್ರೆ ಆಸ್ಕರ್, ಏಂಜೆಲ್, ಡಿಸ್ಕಸ್ ಎಲ್ಲಾ ಸೇರೋ ಮೀನಿನ ಕುಟುಂಬ. ಇವನ್ನ ಸಾಕೋರಿಂದ ವಾರಕ್ಕೆ ಒಂದಾದ್ರೂ ಫೋಟೋ ಬರತ್ತೆ ನಂಗೆ ವಾಟ್ಸಾಪಲ್ಲಿ, ಮೀನಿನ ಹಿಂದೆ ಒದ್ದೆ ದಾರದ ಥರ ಬಿಳಿದೊಂದು ನೇತಾಡ್ತಿರತ್ತೆ, ಕೆಳಗೆ ಒಂದೇ ಲೈನು, "ಗುರು ಬೇಗ ಹೇಳು ಯಾವ ಔಷಧಿ ಹಾಕ್ಲಿ". ನಾನು ವಾಪಸ್ ಕೇಳೋದೂ ಒಂದೇ ಲೈನು. ತಿಂತಿದ್ಯಾ? ಇದಕ್ಕೆ ಉತ್ತರ ಬರೋಷ್ಟ್ರಲ್ಲಿ ಅರ್ಧ ಜನ ಆಗ್ಲೇ ಅಂಗಡಿಗೆ ಹೋಗಿ ಅವ್ನು ಕೊಟ್ಟ ನೀಲಿ ಬಾಟ್ಲಿ ತಂದು ಅರ್ಧ ಸುರಿದು, ಸಾಲ್ದು ಅಂತ ಅಡುಗೆಮನೆಯಿಂದ ಒಂದು ಹಿಡಿ ಕಲ್ಲುಪ್ಪೂ ಹಾಕಿ, ಹೀಟರ್ ಬೇರೆ ಏರ್ಸಿಟ್ಟು, ಟ್ಯಾಂಕು ಇಂಕಿನ ದೌತಿ ಥರ ಆಗಿ ಒಳಗಿರೋ ಮೀನೇ ಕಾಣ್ದಂಗೆ ಮಾಡ್ಕೊಂಡಿರ್ತಾರೆ. ಆ ನೀಲಿ ಮೆಥಿಲೀನ್ ಬ್ಲೂ ಮೊಟ್ಟೆಗೆ ಫಂಗಸ್ ಬರ್ದೇ ಇರೋಕೆ ಒಳ್ಳೇದು, ಮೈಮೇಲಿನ ಕೆಲವು ಕಾಯಿಲೆಗೂ ಒಳ್ಳೇದು, ಆದ್ರೆ ಕರುಳಿನ ಒಳಗೆ ಅದು ಏನೂ ಕಿಸಿಯಲ್ಲ, ಮೇಲಿಂದ ಫಿಲ್ಟರಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾನ ಸಾಯ್ಸಿ ಅಮೋನಿಯಾ ಏರ್ಸತ್ತೆ. ಹೊಟ್ಟೆನೋವಿಗೆ ಬಂದ ಪೇಷಂಟಿಗೆ ಉಸಿರಾಟದ ತೊಂದ್ರೆಯನ್ನೂ ಫ್ರೀ ಕೊಟ್ಟಂಗೆ.

"ತಿಂತಿದ್ಯಾ" ಅಂತ ಯಾಕೆ ಕೇಳೋದು ಅಂದ್ರೆ, ಸಿಹಿನೀರಿನ ಮೀನು ನೀರು ಕುಡಿಯೋದೇ ತುಂಬಾ ಕಮ್ಮಿ. ಅದರ ಮೈಯೊಳಗಿನ ಉಪ್ಪಿನಂಶ ಸುತ್ತಲಿನ ನೀರಿಗಿಂತ ಜಾಸ್ತಿ ಇರತ್ತಲ್ಲ, ಹಾಗಾಗಿ ನೀರು ತಾನಾಗೇ ಕಿವಿರಿನಿಂದ ಒಳಗೆ ನುಗ್ತಾ ಇರತ್ತೆ, ಅದನ್ನ ಉಚ್ಚೆ ಮಾಡಿ ಹೊರಗೆ ಹಾಕೋದೇ ಅದಕ್ಕೆ ದಿನವಿಡೀ ಕೆಲಸ, ಬಾಯಾರಿಕೆ ಅನ್ನೋದೇ ಇಲ್ಲ. ಸಮುದ್ರದ ಮೀನು ಇದಕ್ಕೆ ಉಲ್ಟಾ, ಅದು ಕುಡೀತಾನೇ ಇರ್ಬೇಕು. ಅಂದ್ರೆ ನೀವು ಟ್ಯಾಂಕಿಗೆ ಸುರಿದ ಔಷಧಿ ಸಿಕ್ಲಿಡ್ ಕರುಳಿಗೆ ಹೋಗೋದು ಸುತ್ತು ದಾರೀಲಿ, ಅದೂ ಸ್ವಲ್ಪವೇ ಸ್ವಲ್ಪ. ಊಟದಲ್ಲಿ ಬೆರೆಸಿ ಕೊಟ್ರೆ ನೇರ ಜಾಗಕ್ಕೇ ಹೋಗತ್ತೆ. ಮೀನು ತಿಂತಿದೆ ಅಂದ್ರೆ ನಿಮ್ಮ ಕೈಯಲ್ಲಿ ಒಳ್ಳೆ ದಾರಿ ಇನ್ನೂ ಇದೆ, ತಿನ್ನೋದು ಬಿಟ್ಟಿದೆ ಅಂದ್ರೆ ಎರಡನೇ ದಾರಿ. ಔಷಧಿ ಹೆಸರಿಗಿಂತ ಮುಂಚೆ ಇದು ಗೊತ್ತಾಗ್ಬೇಕು.

ಮೊದ್ಲು ಏನಾಗಿದೆ ಅಂತ ನೋಡಿ

ಬಿಳಿ ಕಕ್ಕ ಅಂದ ತಕ್ಷಣ ರೋಗ ಅಂತ ಅಲ್ಲ. ಎರಡ್ಮೂರು ದಿನ ಏನೂ ತಿನ್ನದೇ ಇದ್ರೆ ಯಾವ ಮೀನೂ ಬಿಳಿದೇ ಹಾಕತ್ತೆ, ಖಾಲಿ ಕರುಳಿನ ಲೋಳೆ ಅದು, ಅಷ್ಟೇ. ಹೊಸ ಮೀನು ತಂದು ಬಿಟ್ಟ ಮೊದಲ ವಾರ ಇದು ಮಾಮೂಲಿ. ಚೆನ್ನೈನ ಕೊಳತ್ತೂರು ಕಡೆಯಿಂದ ಬೆಂಗಳೂರಿಗೆ ಬರೋ ಮೀನಂತೂ ದಾರಿಯುದ್ದಕ್ಕೂ ಕವರಲ್ಲಿ ನೀರು ಕೆಡ್ಬಾರ್ದು ಅಂತ ಮುಂಚೇನೇ ಉಪವಾಸ ಹಾಕಿ ಕಳ್ಸಿರ್ತಾರೆ, ಅದನ್ನ ನೋಡಿ ಗಾಬರಿ ಆಗೋದು ಬೇಡ.

ನಿಜವಾಗ್ಲೂ ಕಾಯಿಲೆ ಇದ್ದಾಗ ಜೊತೆಗೆ ಬೇರೆ ಏನಾದ್ರೂ ಕಾಣತ್ತೆ. ಪೆಲೆಟ್ (ಮೀನಿನ ಊಟದ ಕಾಳು) ಹಾಕಿದ ತಕ್ಷಣ ಓಡಿ ಬರತ್ತೆ, ಬಾಯಿಗೆ ಹಾಕ್ಕೊಳತ್ತೆ, ಎರಡು ಸಲ ಅಗಿದಂಗೆ ಮಾಡಿ ಉಗೀತದೆ, ಮತ್ತೆ ಹಾಕ್ಕೊಳತ್ತೆ, ಮತ್ತೆ ಉಗೀತದೆ. ಈ ಉಗಿಯೋದನ್ನ ನೋಡಿದ್ರೆ ನಂಗೆ ಎದೆ ಧಸಕ್ ಅನ್ನತ್ತೆ. ಇದರ ಜೊತೆ ಬಿಳಿ ಎಳೆ, ಅರ್ಧ ಪಾರದರ್ಶಕ, ಒಳಗೆ ಟೊಳ್ಳು, ಸೇಮಿಗೆ ಎಳೆ ನೀರಲ್ಲಿ ನೆನೆದು ಬಿಳುಚಿಕೊಂಡಂಗೆ, ಕಿತ್ತು ಬೀಳ್ದೆ ಗಂಟೆಗಟ್ಲೆ ನೇತಾಡ್ತಿದ್ರೆ, ಮೇಲಿಂದ ನೋಡಿದಾಗ ಬೆನ್ನು ಸಣ್ಣಗಾಗಿ ತಲೆಯ ಹಿಂದೆ ಹಳ್ಳ ಬಿದ್ದಂಗಿದ್ರೆ, ಅದು ಹೆಚ್ಚಾಗಿ ಕರುಳಲ್ಲಿ ಬೆಳೆಯೋ ಬಾಲದ ಸೂಕ್ಷ್ಮಜೀವಿ, ಹವ್ಯಾಸದವರು ಎಲ್ಲಾದಕ್ಕೂ ಹೆಕ್ಸಾಮಿಟಾ ಅಂತಾರೆ, ಸಿಕ್ಲಿಡ್‌ಗಳಲ್ಲಿ ಸಿಗೋದು ಬಹುಪಾಲು ಸ್ಪೈರೋನ್ಯೂಕ್ಲಿಯಸ್. ಏಂಜೆಲ್ ಮೀನಿನಿಂದ ಇದರ ಒಂದು ಜಾತಿಯನ್ನ 1995ರಲ್ಲಿ ಗುರುತಿಸಿ ಹೆಸರಿಟ್ರು, ಸ್ಪೈರೋನ್ಯೂಕ್ಲಿಯಸ್ ವೋರ್ಟೆನ್ಸ್ ಅಂತ. ಡಿಸ್ಕಸ್, ಏಂಜೆಲ್, ಆಸ್ಕರ್, ಫ್ಲವರ್‌ಹಾರ್ನ್ ಎಲ್ಲಾದಕ್ಕೂ ಇದರ ಕಾಟ ಇದೆ. ಸ್ವಲ್ಪ ಸಂಖ್ಯೇಲಿ ಒಳಗಿದ್ರೆ ಏನೂ ಮಾಡಲ್ಲ, ನೀರು ಕೆಟ್ಟು, ಜಾಗ ಸಾಲ್ದೆ, ಮೀನು ಟೆನ್ಷನ್ ಆದಾಗ ಎದ್ದು ಕೂರತ್ತೆ.

ಹೊಟ್ಟೆ ಸ್ವಲ್ಪ ದಪ್ಪ, ಆದ್ರೆ ಮೀನು ಗೆಲುವಾಗಿದೆ, ತಿಂತಿದೆ, ಕಕ್ಕ ಬಂದ್ರೂ ಪೆಲೆಟ್ಟಿನ ಬಣ್ಣದ್ದೇ, ಉದ್ದಕ್ಕೆ ಕಟ್ಕೊಂಡಿದೆ ಅಂದ್ರೆ ಅದು ಮಲಬದ್ಧತೆ, ಅಷ್ಟೇ, ಅದಕ್ಕೆ ಮಾತ್ರೆ ಬೇಡ. ಗುದದ ಹತ್ರ ಕೆಂಪು ದಾರದ ತುದಿ ಮೂರ್ನಾಲ್ಕು ಹೊರಗೆ ಇಣುಕ್ತಿದೆ, ಮೀನು ಸರಕ್ಕಂತ ತಿರುಗಿದ್ರೆ ಒಳಗೆ ಎಳ್ಕೊಳತ್ತೆ ಅಂದ್ರೆ ಕ್ಯಾಮಲ್ಲಾನಸ್ ಹುಳ, ಅದರಲ್ಲಿ ಅನುಮಾನ ಬೇಡ. ಆಫ್ರಿಕನ್ ಮೀನು, ಅಂದ್ರೆ ಮಲಾವಿ, ಟ್ಯಾಂಗನೀಕಾ ಕೆರೆಗಳ ಸಿಕ್ಲಿಡ್, ಊಟ ಬಿಟ್ಟು ಮೂಲೇಲಿ ಅಥ್ವಾ ಹೀಟರ್ ಹಿಂದೆ ನಿಂತು ಜೋರಾಗಿ ಕಿವಿರು ಬಡೀತಿದೆ, ಹೊಟ್ಟೆ ಊದ್ತಿದೆ ಅಂದ್ರೆ ಅದನ್ನೇ ಮಲಾವಿ ಬ್ಲೋಟ್ ಅನ್ನೋದು. ಕೊನೇದಾಗಿ, ಹೊಟ್ಟೆ ಊದಿ ಹುರುಪೆ ಎಲ್ಲಾ ಅನಾನಸ್ ಸಿಪ್ಪೆ ಥರ ಎದ್ದು ನಿಂತಿದ್ರೆ ಅದು ಕರುಳಿನ ಹಂತ ದಾಟಿದೆ, ಕಿಡ್ನಿ ಕೈಕೊಟ್ಟು ಮೈಯಲ್ಲಿ ನೀರು ತುಂಬಿದೆ, ಅಲ್ಲಿಂದ ಮೀನು ವಾಪಸ್ ಬರೋದು ಅಪರೂಪ.

ಇದೆಲ್ಲದರ ಮಧ್ಯೆ ಒಂದು ಮೋಸ ಇದೆ, ನಾನೇ ಬಿದ್ದಿದ್ದೀನಿ ಅದಕ್ಕೆ. ನನ್ನ ಎಲೆಕ್ಟ್ರಿಕ್ ಯೆಲ್ಲೋ (ಹಳದಿ ಬಣ್ಣದ ಮಲಾವಿ ಮೀನು) ಒಂದು ಒಂದಿನ ಇದ್ದಕ್ಕಿದ್ದಂಗೆ ಊಟ ಬಿಡ್ತು, ಕಲ್ಲಿನ ಸಂದೀಲಿ ಕೂತ್ಕೊಳ್ತು, ಬಾಯಿ ಒಂಥರಾ ಅಗೀತಾನೇ ಇತ್ತು. ಬ್ಲೋಟ್ ಬಂದೇ ಬಿಡ್ತು ಅಂತ ರಾತ್ರೋರಾತ್ರಿ ಬಲೆ ಹಾಕಿ ಹಿಡ್ದು ಬೇರೆ ಟ್ಯಾಂಕಿಗೆ ಹಾಕಿ ಮಾತ್ರೆ ಪುಡಿ ಮಾಡಿ ಸುರಿದೆ. ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳು, ಹದಿನೈದೋ ಇಪ್ಪತ್ತೋ, ಉಗುಳಿಬಿಟ್ಟಿತ್ತು ಪಾಪ. ಮಲಾವಿ ಮೀನಿನ ತಾಯಂದ್ರು ಮೊಟ್ಟೆ, ಮರಿನ ಬಾಯಲ್ಲೇ ಇಟ್ಕೊಂಡು ಹತ್ತತ್ರ ಮೂರು ವಾರ ಉಪವಾಸ ಇರ್ತಾವೆ. ಊಟ ಬಿಟ್ಟ ಆಫ್ರಿಕನ್ ಮೀನು ಕಂಡ್ರೆ ಮೊದ್ಲು ಗಂಟಲ ಕೆಳಗೆ ಚೀಲದ ಥರ ಉಬ್ಬಿದ್ಯಾ ನೋಡಿ, ಉಬ್ಬಿರೋದು ಗಂಟಲಾ ಹೊಟ್ಟೇನಾ ಅನ್ನೋದೇ ವ್ಯತ್ಯಾಸ.

ಉಪವಾಸ, ಬಟಾಣಿ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಜನ ಅಸಡ್ಡೆ ಮಾಡೋದು. ದೊಡ್ಡ ಆಸ್ಕರ್, ಫ್ಲವರ್‌ಹಾರ್ನ್ ಮೂರು ದಿನ ಊಟ ಇಲ್ದಿದ್ರೆ ಏನೂ ಆಗಲ್ಲ, ನಮಗೇ ಸಂಕಟ ಅಷ್ಟೇ, ಗ್ಲಾಸಿಗೆ ಮೂತಿ ಒತ್ತಿ ನಮ್ಮನ್ನೇ ನೋಡ್ತಿದ್ರೆ ಕರುಳು ಚುರುಕ್ ಅನ್ನತ್ತೆ, ಮನೇಲಿ ಯಾರಾದ್ರೂ ಕದ್ದು ಹಾಕೇ ಹಾಕ್ತಾರೆ. ಡಬ್ಬಿ ಬಚ್ಚಿಡಿ. ಮೂರನೇ ದಿನ ಹಸಿ ಬಟಾಣಿ ಬೇಯ್ಸಿ, ಸಿಪ್ಪೆ ತೆಗ್ದು, ಕಾಳು ಒಡ್ದು ಸಣ್ಣ ಚೂರು ಮಾಡಿ ಕೊಡಿ, ಉಪ್ಪು ಗಿಪ್ಪು ಹಾಕ್ಬೇಡಿ. ಒಣ ಬಟಾಣಿ ನೆನೆಸಿದ್ದು ಬೇಡ, ಗಟ್ಟಿ ಇರತ್ತೆ.

ಇದು ಮಲಬದ್ಧತೆಗೆ ಮಾತ್ರ. ಬಿಳಿ ಎಳೆ ಹಾಕ್ತಾ ಪೆಲೆಟ್ ಉಗೀತಿರೋ ಮೀನಿಗೆ ಬಟಾಣಿ ಕೊಡ್ತಾ ಒಂದು ವಾರ ಕಳೆದ್ರೆ, ಔಷಧಿನ ಊಟದಲ್ಲಿ ಕೊಡೋ ಅವಕಾಶ ಇದ್ದ ವಾರಾನ ವೇಸ್ಟ್ ಮಾಡಿದಂಗೆ. ಮತ್ತೆ ಸಣ್ಣ ಮರಿಗಳಿಗೆ ಈ ಉಪವಾಸದ ಲೆಕ್ಕ ಹಾಕ್ಬೇಡಿ, ಒಂದು ದಿನ ಸಾಕು.

ಎಪ್ಸಮ್ ಸಾಲ್ಟ್

ಇಲ್ಲಿ ಜನ ಮಾಡೋ ದೊಡ್ಡ ಎಡವಟ್ಟು ಉಪ್ಪು ಉಪ್ಪು ಒಂದೇ ಅನ್ಕೊಳ್ಳೋದು. ಅಡುಗೆ ಉಪ್ಪು, ಕಲ್ಲುಪ್ಪು, ಅಕ್ವೇರಿಯಂ ಸಾಲ್ಟ್ ಅಂತ ಚಂದದ ಡಬ್ಬೀಲಿ ಮಾರೋದು ಎಲ್ಲಾ ಸೋಡಿಯಂ ಕ್ಲೋರೈಡು. ಎಪ್ಸಮ್ ಅಂದ್ರೆ ಮೆಗ್ನೀಷಿಯಂ ಸಲ್ಫೇಟು, ಕರುಳಿಗೆ ನೀರು ಎಳ್ಕೊಂಡು ಭೇದಿ ಮಾಡ್ಸತ್ತೆ, ಊದಿದ ಜಾಗದಿಂದ ನೀರು ಇಳಿಸೋಕೂ ಸ್ವಲ್ಪ ಸಹಾಯ. ಊದಿದ ಹೊಟ್ಟೆಗೆ ಕಲ್ಲುಪ್ಪು ಹಾಕೋದ್ರಿಂದ ಈ ಕೆಲಸ ಆಗಲ್ಲ. ಮೆಡಿಕಲ್ ಶಾಪಲ್ಲಿ ಸಿಗೋದನ್ನ ತಗೊಳ್ಳಿ, ಗಿಡಕ್ಕೆ ಹಾಕೋ ಗೊಬ್ಬರದ ಗ್ರೇಡ್ ಅಗ್ಗ ಅಂತ ತರ್ಬೇಡಿ, ಸ್ನಾನಕ್ಕೆ ಲ್ಯಾವೆಂಡರ್ ವಾಸನೆ ಹಾಕಿರೋದಂತೂ ಬೇಡ್ವೇ ಬೇಡ.

ನಾನು ಶುರು ಮಾಡೋದು 20 ಲೀಟರಿಗೆ ಒಂದು ಟೀ ಚಮಚ, ತೀರಾ ಊದಿದ್ರೆ 40 ಲೀಟರಿಗೆ ಒಂದು ಟೇಬಲ್ ಚಮಚದವರೆಗೆ ಹೋಗ್ತೀನಿ. ಜಗ್ಗಲ್ಲಿ ಕರಗ್ಸಿ ಅರ್ಧ ಗಂಟೆ ಹೊತ್ತಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕ್ಬೇಕು. ನೀರು ಆವಿಯಾದ್ರೆ ಉಪ್ಪು ಹೋಗಲ್ಲ, ಅದಕ್ಕೇ ಬರೀ ಟಾಪ್ ಅಪ್ ಮಾಡುವಾಗ ಮತ್ತೆ ಹಾಕ್ಬೇಡಿ, ನೀರು ಬದಲಾಯಿಸಿದಷ್ಟಕ್ಕೆ ಮಾತ್ರ ಹಾಕಿ.

ಒಬ್ಬ ಫ್ರೆಂಡ್ ಮನೆ ಆಸ್ಕರ್ ಕಥೆ ಹೇಳ್ತೀನಿ. ಅವ್ರು ಹುಳದ ಔಷಧಿ ಒಂದು ರೌಂಡು, ಇನ್ನೊಂದು ಏನೋ ಒಂದು ರೌಂಡು ಮುಗಿಸಿ ನನ್ನ ಕರೆದಿದ್ರು. ಹೋಗಿ ಮೊಬೈಲ್ ಟಾರ್ಚ್ ಹಿಡ್ದು ಪಕ್ಕದಿಂದ ನೋಡಿದ್ರೆ ಹೊಟ್ಟೆಯ ಒಂದೇ ಕಡೆ ಗಂಟು, ಇನ್ನೊಂದು ಕಡೆ ಸಪಾಟು. ಕರುಳಿನ ಕಾಯಿಲೆ ಹಿಂಗೆ ಒಂದೇ ಕಡೆ ಉಬ್ಬಲ್ವಲ್ಲ ಅನ್ಕೊಂಡು ತಳಕ್ಕೆ ಏನು ಹಾಕಿದ್ದೀರ ನೋಡೋಣ ಅಂದ್ರೆ ಬಟಾಣಿ ಗಾತ್ರದ ಬಣ್ಣದ ಕಲ್ಲು. ಆಸ್ಕರ್ ತಳ ಅಗೆಯೋ ಮೀನು, ಪೆಲೆಟ್ ಜೊತೆ ಒಂದು ನುಂಗಿದೆ. ಏನೂ ಹಾಕದ ಬರಿ ತಳದ ಬೇರೆ ಟ್ಯಾಂಕಿಗೆ ಬಿಟ್ಟು, ಎಪ್ಸಮ್ ಹಾಕಿ ಊಟ ನಿಲ್ಸಿದ್ವಿ, ನಾಲ್ಕನೇ ದಿನ ಬೆಳಿಗ್ಗೆ ಆ ಟ್ಯಾಂಕಲ್ಲಿ ಒಂದು ನೀಲಿ ಕಲ್ಲು ಬಿದ್ದಿತ್ತು, ಲೋಳೆ ಮೆತ್ಕೊಂಡು. ಎಲ್ಲರಿಗೂ ಹಿಂಗೆ ಅದೃಷ್ಟ ಇರಲ್ಲ, ಸಿಕ್ಕಾಕ್ಕೊಂಡ್ರೆ ಪ್ರಾಣಕ್ಕೇ ಬರತ್ತೆ, ಆಸ್ಕರ್ ಇಟ್ಟವ್ರು ಒಂದಾ ಮರಳು ಹಾಕಿ, ಇಲ್ಲಾ ಬಾಯಿಗೆ ಹಿಡಿಯದಷ್ಟು ದೊಡ್ಡ ಕಲ್ಲು ಹಾಕಿ, ಇಲ್ಲಾ ಏನೂ ಹಾಕ್ಬೇಡಿ.

ಮೆಟ್ರೋನಿಡಜೋಲ್: ಊಟದಲ್ಲಾ ನೀರಲ್ಲಾ

ಫ್ಲಾಜಿಲ್, ಮೆಟ್ರೋಜಿಲ್ ಅಂತ ನಮಗೇ ಅಮೀಬಿಯಾಸಿಸ್ ಬಂದಾಗ ಬರೆದುಕೊಡ್ತಾರಲ್ಲ ಅದೇ. 200 ಮತ್ತೆ 400 ಮಿಗ್ರಾಂ ಮಾತ್ರೆ. ಚೀಟಿ ಇಲ್ದೆ ಮಾರ್ಬಾರ್ದು ಅನ್ನೋ ಪಟ್ಟೀಲಿರೋ ಔಷಧಿ, ಒಬ್ಬ ಪಶುವೈದ್ಯರ ಹತ್ರ ಪರಿಚಯ ಇಟ್ಕೊಂಡ್ರೆ ಚೀಟಿಗೂ ಆಯ್ತು ಡೋಸ್ ಕೇಳೋಕೂ ಆಯ್ತು. ಇಂಪೋರ್ಟೆಡ್ ಡಬ್ಬೀಲಿ ಮೀನಿಗೇ ಅಂತ ಬರೋ ಪುಡೀನೂ ಇದೆ, ಬೆಲೆ ಎಷ್ಟೋ ಪಟ್ಟು, ಒಳಗಿರೋ ಔಷಧಿ ಅದೇ, ಮಾತ್ರೇಲಿ ಅಂಟು ಪುಡಿ ಸೇರಿರೋದ್ರಿಂದ ನೀರು ಸ್ವಲ್ಪ ಬೆಳ್ಳಗಾಗತ್ತೆ ಅನ್ನೋದು ಬಿಟ್ರೆ ವ್ಯತ್ಯಾಸ ಏನಿಲ್ಲ.

ಸ್ಪೈರೋನ್ಯೂಕ್ಲಿಯಸ್‌ಗೆ ಇದೇ ಮೊದಲ ಆಯ್ಕೆ, ಇದರಲ್ಲಿ ಎರಡು ಮಾತಿಲ್ಲ. ಮೀನು ಇನ್ನೂ ತಿಂತಿದ್ರೆ ಊಟದಲ್ಲೇ ಕೊಡಿ: ಒಂದು ಗ್ರಾಂ ಊಟಕ್ಕೆ 10 ಮಿಗ್ರಾಂ, ಅಂದ್ರೆ 400ರ ಒಂದು ಮಾತ್ರೆ 40 ಗ್ರಾಂ ಪೆಲೆಟ್ಟಿಗೆ. ಐದು ದಿನ, ಬೇರೆ ಊಟ ಬಂದ್. ತೂಕ ಮಾಡೋಕೆ ಚಿನ್ನ ತೂಗೋ ಸಣ್ಣ ಡಿಜಿಟಲ್ ತಕ್ಕಡಿ ಆನ್‌ಲೈನಲ್ಲಿ ಸಿಗತ್ತೆ, ತಗೊಳ್ಳಿ, ಕಣ್ಣಳತೆ ಬೇಡ. ಮಾತ್ರೆ ನುಣ್ಣಗೆ ಪುಡಿ ಮಾಡಿ, ಪೆಲೆಟ್ ಮೇಲೆ ಒಂದೆರಡು ಹನಿ ಎಣ್ಣೆ ಸವರಿ, ಕವರಿಗೆ ಹಾಕಿ ಪುಡಿ ಉದುರ್ಸಿ ಕುಲುಕಿ ಒಣಗ್ಸಿದ್ರೆ ಒಂದು ಮಟ್ಟಕ್ಕೆ ಅಂಟತ್ತೆ. ನಂಗೆ ಇದಕ್ಕಿಂತ ಇಷ್ಟ ಚೀನಾ ಗ್ರಾಸ್ ದಾರಿ. ಬೇಯ್ಸಿದ ಬಟಾಣಿ, ಸ್ಪಿರುಲಿನಾ ಅನ್ನೋ ಪಾಚಿ ಪುಡಿ, ಅವ್ರು ದಿನಾ ತಿನ್ನೋ ಪೆಲೆಟ್ ಪುಡಿ ಎಲ್ಲಾ ಮಿಕ್ಸೀಲಿ ರುಬ್ಬಿ, ಚೀನಾ ಗ್ರಾಸ್ ಕುದಿಸಿ ಕರಗ್ಸಿ ಬೆರೆಸಿ, ಕೈ ಇಡೋಷ್ಟು ಆರಿದ ಮೇಲೆ ಔಷಧಿ ಕಲ್ಸಿ ತಟ್ಟೆಗೆ ತೆಳ್ಳಗೆ ಹರಡೋದು. ಕಟ್ ಮಾಡಿ ಫ್ರೀಜರಲ್ಲಿ ಇಡಿ, ಡಬ್ಬಿ ಮೇಲೆ ದೊಡ್ಡದಾಗಿ ಮೀನಿನ ಔಷಧಿ ಅಂತ ಬರೀರಿ, ಬಣ್ಣ ಪಕ್ಕಾ ಪುದೀನ ಚಟ್ನಿ ಥರ ಬರತ್ತೆ, ನಮ್ಮನೇಲಿ ಒಂದ್ಸಲ ಇಡ್ಲಿ ಪಕ್ಕದವರೆಗೂ ಬಂದಿತ್ತು. ತುಂಬಾ ಕಹಿ ಔಷಧಿ, ಕೆಲವು ಮೀನು ಮೊದಲ ದಿನ ಉಗೀತಾವೆ, ಬೆಳ್ಳುಳ್ಳಿ ರಸ ಎರಡು ಹನಿ ಹಾಕಿದ್ರೆ ಆ ವಾಸನೆಗೆ ತಿಂತಾವೆ. ಬೆಳ್ಳುಳ್ಳಿನೇ ಕಾಯಿಲೆ ವಾಸಿ ಮಾಡತ್ತೆ ಅನ್ನೋದನ್ನ ನಾನು ನಂಬಲ್ಲ, ರುಚಿಗೆ ಅಷ್ಟೇ.

ಊಟ ಪೂರ್ತಿ ಬಿಟ್ಟಿದ್ರೆ ನೀರೇ ಗತಿ. ಲೀಟರಿಗೆ ಸುಮಾರು 7 ಮಿಗ್ರಾಂ. ನಮ್ಮ ಕಡೆ ಟ್ಯಾಂಕು ಅಳೆಯೋದೇ ಅಡಿ ಲೆಕ್ಕದಲ್ಲಿ, ಒಂದು ಘನ ಅಡಿ ಅಂದ್ರೆ 28 ಲೀಟರ್ ಚಿಲ್ರೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ತುಂಬಿದ್ರೆ 56 ಲೀಟರ್, ಅದಕ್ಕೆ 400ರ ಒಂದು ಮಾತ್ರೆ ಸರಿಹೋಗತ್ತೆ, ಲೆಕ್ಕ ನೆನಪಿಟ್ಕೊಳ್ಳೋಕೂ ಸುಲಭ. 3 ಅಡಿ ಉದ್ದ ಒಂದೂವರೆ ಅಗಲ ಒಂದೂವರೆ ಎತ್ತರ ಅಂದ್ರೆ ಹೊರಗಿನ ಲೆಕ್ಕದಲ್ಲಿ 191 ಲೀಟರು, ಆದ್ರೆ ಕಲ್ಲು ಮರಳು ಕಳೆದು ಮೇಲೆ ಬಿಟ್ಟಿರೋ ಎರಡಿಂಚು ಕಳೆದು 160ರ ಹತ್ರ ಇರತ್ತೆ, ಆ 160ಕ್ಕೇ ಡೋಸ್ ಹಾಕ್ಬೇಕು. ದಿನಾ ಕಾಲು ಭಾಗ ನೀರು ಬದಲಾಯ್ಸಿ ಮತ್ತೆ ಡೋಸ್, ಮೂರರಿಂದ ಐದು ದಿನ. ಮಾತ್ರೆ ತಣ್ಣೀರಲ್ಲಿ ಬೇಗ ಕರಗಲ್ಲ, ಉಗುರು ಬೆಚ್ಚಗಿನ ನೀರಲ್ಲಿ ಚೆನ್ನಾಗಿ ಕದಡಿ ಹಾಕಿ. ಫಿಲ್ಟರಲ್ಲಿ ಕಾರ್ಬನ್ ಇದ್ರೆ ತೆಗೀರಿ, ಇಲ್ಲಾಂದ್ರೆ ಔಷಧಿನ ಅದೇ ಹೀರ್ಕೊಂಡು ಕೂರತ್ತೆ, ಯುವಿ ಲೈಟ್ ಇದ್ರೆ ಆಫ್. ಒಂದು ಸಮಾಧಾನ ಅಂದ್ರೆ ಈ ಡೋಸಲ್ಲಿ ಫಿಲ್ಟರ್ ಬ್ಯಾಕ್ಟೀರಿಯಾಗೆ ಹೇಳ್ಕೊಳ್ಳೋ ಪೆಟ್ಟು ಬೀಳಲ್ಲ, ಇದು ಆಮ್ಲಜನಕ ಇಲ್ದ ಕಡೆ ಬದುಕೋ ಜೀವಿಗಳ ಮೇಲೆ ಕೆಲಸ ಮಾಡೋ ಔಷಧಿ, ಫಿಲ್ಟರಲ್ಲಿರೋವಕ್ಕೆ ಆಮ್ಲಜನಕ ಬೇಕು.

ಒಂದೆರಡು ದಿನ ನೀರಲ್ಲಿ ಕೊಟ್ಟ ಮೇಲೆ ಮೀನು ಒಂದು ಚೂರು ಬಾಯಿಗೆ ಹಾಕ್ಕೊಳ್ತು ಅಂದ್ರೆ ತಕ್ಷಣ ಊಟದ ದಾರಿಗೆ ಬನ್ನಿ. ಎರಡರಲ್ಲಿ ಒಂದೇ ಅಂತ ಹೇಳಿದ್ರೆ ನಾನು ಯಾವತ್ತೂ ಊಟಾನೇ ಆರಿಸ್ತೀನಿ, ಔಷಧಿ ಕಮ್ಮಿ ಸಾಕು, ಬೇರೆ ಮೀನಿಗೆ ತೊಂದ್ರೆ ಇಲ್ಲ, ಕೆಲಸಾನೂ ಗಟ್ಟಿ.

ಇಲ್ಲೊಂದು ಮಾತು ಹೇಳ್ಲೇಬೇಕು. ಟಿಲಾಪಿಯಾ ಕೂಡ ಸಿಕ್ಲಿಡ್ಡೇ, ಕೇರಳದವರ ಕರಿಮೀನೂ ಸಿಕ್ಲಿಡ್ಡೇ. ತಿನ್ನೋಕೆ ಅಂತ ಕೊಳದಲ್ಲಿ ಟಿಲಾಪಿಯಾ ಸಾಕೋರು ಇದನ್ನ ಓದಿ ಅದೇ ಮಾತ್ರೆ ಅಲ್ಲಿಗೆ ಹಾಕ್ಬೇಡಿ, ಮೆಟ್ರೋನಿಡಜೋಲ್ ಮತ್ತೆ ಅದರ ಬಳಗದ ಔಷಧಿಗಳು ನಮ್ಮ ದೇಶದಲ್ಲಿ ತಿನ್ನೋ ಮೀನಿನ ಸಾಕಣೇಲಿ ನಿಷೇಧ. ಗ್ಲಾಸಿನ ಟ್ಯಾಂಕಿನ ಮೀನಿಗೆ ಮಾತ್ರ ಈ ಮಾತೆಲ್ಲಾ.

ಹುಳದ ಔಷಧಿ, ಅದರಲ್ಲೂ ಮೂರು

ಮೆಟ್ರೋನಿಡಜೋಲ್ ಹುಳಕ್ಕೆ ಆಗಲ್ಲ, ಹುಳದ ಔಷಧಿ ಸ್ಪೈರೋನ್ಯೂಕ್ಲಿಯಸ್‌ಗೆ ಆಗಲ್ಲ, ಇದನ್ನ ಗೋಡೆ ಮೇಲೆ ಬರ್ಕೊಂಡ್ರೂ ತಪ್ಪಿಲ್ಲ.

ಕೆಂಪು ದಾರದ ಕ್ಯಾಮಲ್ಲಾನಸ್‌ಗೆ ಲೆವಮಿಸೋಲ್. ಕುರಿ ದನಕ್ಕೆ ಕೊಡೋ ಜಂತುನಾಶಕ, ಪಶು ಔಷಧಿ ಅಂಗಡೀಲಿ ಕೇಳಿ. ಲೀಟರಿಗೆ 2 ಮಿಗ್ರಾಂ, 24 ಗಂಟೆ, ಆಮೇಲೆ ದೊಡ್ಡ ವಾಟರ್ ಚೇಂಜ್. ಬೆಳಕಿಗೆ ಕೆಡೋ ಔಷಧಿ, ಲೈಟ್ ಆಫ್ ಮಾಡಿ ಟ್ಯಾಂಕಿಗೆ ಬೆಡ್‌ಶೀಟ್ ಮುಚ್ಚಿ. ಇದು ಹುಳನ ಕೊಲ್ಲೋದಕ್ಕಿಂತ ಲಕ್ವ ಹೊಡೆಸತ್ತೆ, ಹಿಡಿತ ಬಿಟ್ಟು ಕಕ್ಕದ ಜೊತೆ ಹೊರಗೆ ಬರ್ತಾವೆ, ಮರುದಿನ ತಳ ಸೈಫನ್ ಹೊಡೀಲಿಲ್ಲ ಅಂದ್ರೆ ಮಾಡಿದ್ದು ಅರ್ಧ ಕೆಲಸ. ಒಂದು ಮೀನಲ್ಲಿ ಕಂಡ್ರೆ ಇಡೀ ಟ್ಯಾಂಕಿಗೆ ಕೊಡ್ಬೇಕು, ಇಲ್ಲಿ ಬೇರೆ ಟ್ಯಾಂಕಿಗೆ ಹಾಕಿ ಒಂದಕ್ಕೇ ಕೊಡೋದು ಉಪಯೋಗ ಇಲ್ಲ. ಎರಡ್ಮೂರು ವಾರ ಬಿಟ್ಟು ಇನ್ನೊಂದ್ಸಲ. ದೊಡ್ಡ ಮೀನಿಗೆ ಜೀವಂತ ಗಪ್ಪಿ ಹಾಕೋರ ಮನೇಲಿ ಈ ಹುಳ ಜಾಸ್ತಿ, ಗಪ್ಪಿ ಜೊತೆಗೇ ಬರತ್ತೆ.

ಫೆನ್‌ಬೆಂಡಜೋಲ್ ನೀರಲ್ಲಿ ಕರಗೋದೇ ಇಲ್ಲ ಅನ್ನಿ, ಅದಕ್ಕೇ ಊಟದಲ್ಲಿ. ಗ್ರಾಂ ಊಟಕ್ಕೆ 2.5 ಮಿಗ್ರಾಂ, ಅಂದ್ರೆ 150ರ ಮಾತ್ರೆ 60 ಗ್ರಾಂ ಊಟಕ್ಕೆ, ಮೂರು ದಿನ, ಎರಡ್ಮೂರು ವಾರ ಬಿಟ್ಟು ಮತ್ತೆ ಮೂರು ದಿನ. ಡಿಸ್ಕಸ್, ಏಂಜೆಲ್‌ಗೆ ಬರೋ ಕೂದಲೆಳೆ ಹುಳ ಕ್ಯಾಪಿಲ್ಲೇರಿಯಾಗೆ ನಾನು ಇದನ್ನೇ ಕೊಡೋದು, ಹೊರಗೆ ಏನೂ ಕಾಣದೆ ಮೀನು ತಿಂದ್ರೂ ಸೊರಗ್ತಾ ಹೋಗ್ತಿದ್ರೆ ಇದರ ಮೇಲೆ ಅನುಮಾನ ಪಡ್ಬೋದು. ಟ್ಯಾಂಕಲ್ಲಿ ನೆರೈಟ್ ಬಸವನಹುಳ ಇದ್ರೆ ಹೋಯ್ತು ಅನ್ಕೊಳ್ಳಿ, ಮುಂಚೇನೇ ತೆಗೆದಿಡಿ.

ಪ್ರಾಜಿಕ್ವಾಂಟೆಲ್ ಲಾಡಿಹುಳಕ್ಕೆ, ಕಿವಿರಿಗೆ ಅಂಟ್ಕೊಳ್ಳೋ ಚಪ್ಪಟೆ ಹುಳ ಫ್ಲೂಕ್‌ಗೆ. ಕ್ಯಾಮಲ್ಲಾನಸ್, ಕ್ಯಾಪಿಲ್ಲೇರಿಯಾ ಥರದ ದುಂಡುಹುಳಕ್ಕೆ ಕೆಲಸ ಮಾಡಲ್ಲ. ಟ್ಯಾಂಕಲ್ಲೇ ಹುಟ್ಟಿದ ಮೀನಲ್ಲಿ ಲಾಡಿಹುಳ ಅಷ್ಟಾಗಿ ನಾನು ಕಂಡಿಲ್ಲ, ಹಾಗಾಗಿ ಹೊಟ್ಟೆ ವಿಷಯಕ್ಕೆ ಇದು ನನ್ನ ಪಟ್ಟೀಲಿ ಕೊನೆ. ನಾಯಿಗೆ ಕೊಡೋ ಹುಳದ ಮಾತ್ರೇಲಿ ಎರಡ್ಮೂರು ಔಷಧಿ ಒಟ್ಟಿಗೆ ಇರ್ತಾವೆ, ಸ್ಟ್ರಿಪ್ ಹಿಂದೆ ಓದದೆ ಪುಡಿ ಮಾಡ್ಬೇಡಿ.

ಟೆರಾಮೈಸಿನ್ ಗತಿ ಏನು

ಅಂಗಡಿಯವ್ರು ಕೊಡೋ ಹಳದಿ ಪುಡಿ, ಕೋಳಿ ಫಾರಂ ಟೆರಾಮೈಸಿನ್, ಇವು ಹೊಟ್ಟೆಗೆ ಬರತ್ತಾ ಅಂತ ತುಂಬಾ ಜನ ಕೇಳ್ತಾರೆ. ಟೆರಾಮೈಸಿನ್ ಅಂದ್ರೆ ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್. ಆಕ್ಸಿಟೆಟ್ರಾಸೈಕ್ಲಿನ್‌ಗೆ ಒಂದು ಗುಣ ಇದೆ, ಕ್ಯಾಲ್ಸಿಯಂ ಮೆಗ್ನೀಷಿಯಂ ಕಂಡ್ರೆ ಹೋಗಿ ಅಂಟ್ಕೊಂಡು ಕೂತ್ಬಿಡತ್ತೆ. ನಮ್ಮ ಬೋರ್‌ವೆಲ್ ನೀರು ಗಡಸು, ಅದಕ್ಕೇ ಬೆಂಗಳೂರಲ್ಲಿ ಆಫ್ರಿಕನ್ ಸಿಕ್ಲಿಡ್ ಇಷ್ಟು ಚೆನ್ನಾಗಿ ಬದುಕೋದು, ಅದೇ ಕಾರಣಕ್ಕೆ ಟೆರಾಮೈಸಿನ್ ಆ ನೀರಲ್ಲಿ ದಂಡ. ಎಪ್ಸಮ್ ಹಾಕಿದ ನೀರಿಗೆ ಅದನ್ನ ಹಾಕೋದು ಇನ್ನೂ ದಂಡ, ಎಪ್ಸಮ್ಮೇ ಮೆಗ್ನೀಷಿಯಂ ಅಲ್ವಾ. ಜೊತೆಗೆ ಫಿಲ್ಟರ್ ಹಾಳು. ಹೊಟ್ಟೆ ಕಾಯಿಲೆಗೆ ಆಂಟಿಬಯೋಟಿಕ್ ಬೇಕೇ ಬೇಕು ಅನ್ನೋ ಹಂತ ಬಂದ್ರೆ ಗೊತ್ತಿರೋರನ್ನ ಕೇಳಿ, ಸ್ವಂತ ಬುದ್ಧಿ ಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ, ಮಂಗಳೂರು ಕಡೆಯವ್ರಿಗೆ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ಹತ್ರದಲ್ಲಿ ಮೈಕ್ರೋಸ್ಕೋಪ್ ಇರೋ ಯಾರಾದ್ರೂ ಸಿಕ್ರೆ ತಾಜಾ ಬಿಳಿ ಎಳೆ ಒಂದು ತುಂಡು ಟ್ಯಾಂಕ್ ನೀರಲ್ಲೇ ಇಟ್ಕೊಂಡು ಓಡಿ, ತಡ ಆದ್ರೆ ಒಳಗಿನ ಜೀವಿಗಳು ಸತ್ತು ಏನೂ ಕಾಣಲ್ಲ. ತಾಜಾ ಇದ್ರೆ 400 ಪಟ್ಟಿನಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಹುಚ್ಚೆದ್ದಂಗೆ ಓಡಾಡೋದು ಕಾಣತ್ತೆ, ಒಂದ್ಸಲ ನೋಡಿದ್ರೆ ಮರೆಯಲ್ಲ.

ಯಾವ ಮೀನಿಗೆ ನಾನು ಏನು ಮಾಡ್ತೀನಿ

ಫ್ಲವರ್‌ಹಾರ್ನ್ ಬಿಳಿ ಹಾಕ್ತಿದೆ, ಇನ್ನೂ ತಿಂತಿದೆ: ಮೂವತ್ತು ಪರ್ಸೆಂಟ್ ನೀರು ಬದಲಾವಣೆ, ಅದೇ ದಿನ ಔಷಧಿ ಊಟ ಶುರು. ಟೆಂಪರೇಚರ್ 29, 30 ಇದ್ರೆ ಸಾಕು, ಏರ್ ಪಂಪ್ ಎಕ್ಸ್‌ಟ್ರಾ ಒಂದು ಹಾಕಿ, ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ. ತಿಂತಿಲ್ಲ ಅಂದ್ರೆ ನೀರಲ್ಲಿ ಮೆಟ್ರೋನಿಡಜೋಲ್, ಜೊತೆಗೆ ಎಪ್ಸಮ್, ಇವೆರಡು ಜೊತೇಲಿ ಹೋಗ್ತಾವೆ, ಜಗಳ ಇಲ್ಲ. ಡಿಸ್ಕಸ್, ಏಂಜೆಲ್‌ಗೂ ಇದೇ ಲೆಕ್ಕ, ಅಲ್ಲಿ ಗೆಲ್ಲಲಿಲ್ಲ ಅಂದ್ರೆ ಮಾತ್ರ ಎರಡನೇ ರೌಂಡಲ್ಲಿ ಫೆನ್‌ಬೆಂಡಜೋಲ್. ಒಂದೇ ದಿನ ಎರಡೂ ಬೇಡ.

ಮಲಾವಿ, ಟ್ಯಾಂಗನೀಕಾ ಮೀನಿನ ವಿಷಯ ಬೇರೆ, ಇಲ್ಲಿ ಟೈಮೇ ಇರಲ್ಲ. ಎಂಬುನಾ ಅಂದ್ರೆ ಮಲಾವಿ ಕೆರೆ ಪಕ್ಕದ ಟೊಂಗಾ ಜನರ ಮಾತಲ್ಲಿ ಬಂಡೆ ಮೀನು ಅಂತ, ಬಂಡೆ ಮೇಲಿನ ಪಾಚಿ ಕೆರೆದು ತಿನ್ನೋವು, ಟ್ಯಾಂಗನೀಕಾದ ಟ್ರೋಫಿಯಸ್ಸೂ ಹಂಗೇ. ಕರುಳು ಮೈಗಿಂತ ಎಷ್ಟೋ ಪಟ್ಟು ಉದ್ದ, ಸೊಪ್ಪು ಸದೆ ನಿಧಾನಕ್ಕೆ ಅರಗ್ಸೋಕೆ ಅಂತ ಇರೋ ಕರುಳು. ಅದಕ್ಕೆ ನಾವು ಬಣ್ಣ ಬರ್ಲಿ ಅಂತ ಬ್ಲಡ್‌ವರ್ಮ್, ಟ್ಯೂಬಿಫೆಕ್ಸ್, ಬೀಫ್‌ಹಾರ್ಟ್ ಅಂತ ಹುಳ, ಮಾಂಸದ ಊಟ ಹಾಕ್ತೀವಿ, ಹಸುಗೆ ಬಿರಿಯಾನಿ ಹಾಕಿದಂಗೆ. ಬ್ಲೋಟ್ ಬರೋದು ಊಟದಿಂದನಾ, ಪರಾವಲಂಬಿಯಿಂದನಾ, ಬ್ಯಾಕ್ಟೀರಿಯಾದಿಂದನಾ ಅಂತ ತಿಳಿದವರಲ್ಲೇ ಜಗಳ ಇದೆ, ಬಹುಶಃ ಮೂರೂ ಕೈ ಸೇರ್ಸಿರ್ತಾವೆ. ಹೊಟ್ಟೆ ಪೂರ್ತಿ ಊದಿದ ಮೇಲೆ ಎರಡ್ಮೂರು ದಿನಾನೂ ಸಿಗಲ್ಲ ಎಷ್ಟೋ ಸಲ, ಹಾಗಾಗಿ ಊದೋಕೆ ಕಾಯ್ಬೇಡಿ, ಉಗಿಯೋಕೆ ಶುರು ಮಾಡಿದ ದಿನಾನೇ ಎಲ್ಲರಿಗೂ ಊಟ ನಿಲ್ಸಿ, ಅರ್ಧ ನೀರು ಬದಲಾಯ್ಸಿ, ಎಪ್ಸಮ್ ಜೊತೆ ನೀರಲ್ಲೇ ಮೆಟ್ರೋನಿಡಜೋಲ್ ಕೊಡಿ. ಒಂದೇ ಮೀನಾದ್ರೆ ಬೇರೆ ಟ್ಯಾಂಕು, ಬರಿ ತಳ, ಒಂದು ಸ್ಪಂಜ್ ಫಿಲ್ಟರ್, ಬಚ್ಚಿಟ್ಕೊಳ್ಳೋಕೆ ಪಿವಿಸಿ ಪೈಪಿನ ತುಂಡು. ಎರಡು ಮೂರು ಮೀನು ಉಗೀತಿದ್ರೆ ಹಿಡಿಯೋಕೇ ಹೋಗ್ಬೇಡಿ, ಇಡೀ ಟ್ಯಾಂಕಿಗೆ ಕೊಡಿ, ಬಲೆ ಹಿಡ್ದು ಕಲ್ಲೆಲ್ಲಾ ಎತ್ತಿ ಅಟ್ಟಿಸಿಕೊಂಡು ಹೋಗೋ ಗಾಬರಿಗೇ ಇನ್ನೆರಡು ಮಲಗ್ತಾವೆ. ಕಾವೇರಿ ನೀರು ಹಾಕೋರು ಆಂಟಿ ಕ್ಲೋರಿನ್ ಮರೀಬೇಡಿ, ದಿನಾ ನೀರು ಬದಲಾಯ್ಸುವಾಗ ಅವಸರಕ್ಕೆ ಮರೆತು ಹೋಗತ್ತೆ.

ವಾಸಿಯಾದ ಮೇಲೆ ಊಟ ಶುರು ಮಾಡೋದೂ ಹುಷಾರಾಗೇ. ಔಷಧಿ ಮುಗಿದ ಮರುದಿನ ನೀರು ಬದಲಾಯ್ಸಿ, ಕಾರ್ಬನ್ ವಾಪಸ್ ಹಾಕಿ, ಮೊದಲ ಎರಡ್ಮೂರು ದಿನ ದಿನಕ್ಕೊಂದೇ ಸಲ, ಎಣಿಸಿ ನಾಲ್ಕೋ ಐದೋ ಸ್ಪಿರುಲಿನಾ ಪೆಲೆಟ್, ಟ್ಯಾಂಕ್ ನೀರಲ್ಲೇ ಒಂದು ನಿಮಿಷ ನೆನೆಸಿ. ಹಸಿವು ಬಂದಿರತ್ತೆ, ಕೈ ಕಂಡ ತಕ್ಷಣ ಮೇಲಕ್ಕೆ ಹಾರತ್ತೆ, ಖುಷಿಗೆ ಒಂದು ಹಿಡಿ ಹಾಕ್ಬಿಡೋಣ ಅನ್ಸತ್ತೆ, ಬೇಡ. ಕಕ್ಕ ಗಟ್ಟಿಯಾಗಿ, ಊಟದ ಬಣ್ಣದಲ್ಲಿ, ಮೈಗೆ ಅಂಟ್ಕೊಳ್ದೆ ಬೀಳೋಕೆ ಶುರುವಾದ ಮೇಲೇನೇ ದಿನಕ್ಕೆ ಎರಡು ಸಲ.